ಅತ್ತೆಯ ಮೂರು ಎಕ್ಸ್‌ಚೇಂಜು

ಕನ್ನಡಕದ ಅಂಗಡಿಯವನ ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತರಾದ ಮೇಲೆ ಮಗಳು, ಅಳಿಯನ ಜೊತೆಗಿದ್ದರು. ಅಳಿಯ ಕ್ರಿಪ್ಟೋ ನಾಣ್ಯ ಕೊಳ್ಳುವುದನ್ನು ನೋಡಿ ನೋಡಿ, ಅರವತ್ತೆಂಟನೆಯ ವಯಸ್ಸಿನಲ್ಲಿ ಪಿಂಚಣಿಯ ಒಂದು ಪಾಲು ಎತ್ತಿಟ್ಟು ತಾವೂ ಶುರುಮಾಡಿದರು. ಆ ನಾಣ್ಯ ಕೊಂಡು, ಮಾರಿ, ಇಡುವ ಆನ್‌ಲೈನ್ ಕಟ್ಟೆಗೂ ಎಕ್ಸ್‌ಚೇಂಜು ಎಂದೇ ಹೆಸರು. ಅಳಿಯನದೆಲ್ಲ ಒಂದೇ ಎಕ್ಸ್‌ಚೇಂಜಿನಲ್ಲಿ. ಅತ್ತೆಯದು ಅಲ್ಲೂ ಸೇರಿ ಮೂರರಲ್ಲಿ.

“ಯಾಕತ್ತೆ ಈ ತಾಪತ್ರಯ? ಒಂದೇ ಕಡೆ ಇದ್ರೆ ಶುಲ್ಕಾನೂ ಕಮ್ಮಿ, ತಲೆನೋವೂ ಇಲ್ಲ. ಎರಡು ದೋಣಿ ಮೇಲೆ ಕಾಲಿಡಬಾರದು ಅಂತಾರೆ, ನಿಮ್ಮದು ಮೂರು!”

“ಕಾಲಿಟ್ಟಿಲ್ಲ ಅಳಿಯಂದಿರೇ, ಸಾಮಾನಿಟ್ಟಿದೀನಿ. ಒಂದು ಮುಳುಗಿದ್ರೂ ಇನ್ನೆರಡು ದಡ ಸೇರ್ತವೆ.”

ಅವನು ನಕ್ಕುಬಿಟ್ಟ. ನಗಲು ಕಾರಣವೂ ಇತ್ತು. ಒಂದರಿಂದ ಇನ್ನೊಂದಕ್ಕೆ ನಾಣ್ಯ ಸಾಗಿಸಲು ಹೋಗಿ ಅತ್ತೆ ಎರಡೆರಡು ಬಾರಿ ಶುಲ್ಕ ಕಟ್ಟಿದ್ದರು.

ಒಂದು ಮಂಗಳವಾರ ಬೆಳಿಗ್ಗೆ ಗಿರಾಕಿಯ ಕಣ್ಣು ಪರೀಕ್ಷಿಸುತ್ತಿದ್ದಾಗ ಅವನ ಫೋನು ಗುಂಯ್‌ಗುಟ್ಟಿತು. ಅವನ ಎಕ್ಸ್‌ಚೇಂಜಿನಿಂದ ಹಣ ತೆಗೆಯುವುದನ್ನು ನಿಲ್ಲಿಸಿದ್ದರು. ಗಿರಾಕಿಯನ್ನು ನಾಳೆ ಬನ್ನಿ ಎಂದು ಕಳಿಸಿದ. ಅಂಗಡಿಯ ಬಾಗಿಲೆಳೆದು ಮನೆಗೆ ಓಡಿದ.

“ಅತ್ತೆ, ನಾನು ಮುಳುಗಿದೆ!”

ಅತ್ತೆಯದೂ ಮೂರರಲ್ಲಿ ಒಂದು ಪಾಲು ಅಲ್ಲೇ ಸಿಕ್ಕಿಕೊಂಡಿತ್ತು. ಆದರೂ ಮುಖದ ಒಂದು ಗೆರೆ ಅಲುಗಲಿಲ್ಲ. ಊಟದ ಮೇಜಿನ ಮೇಲೆ ಟ್ಯಾಬ್ಲೆಟ್ ಇಟ್ಟು, ಉಳಿದೆರಡನ್ನೂ ಪಕ್ಕಪಕ್ಕದಲ್ಲಿ ತೆರೆದರು. ಸುದ್ದಿ ಹರಡುತ್ತಿತ್ತು. ಅದೇ ನಾಣ್ಯದ ಬೆಲೆ ಒಂದು ಕಡೆ ಜರ್ರನೆ ಜಾರುತ್ತಿತ್ತು, ಇನ್ನೊಂದು ಕಡೆ ಇನ್ನೂ ನಿಂತಿತ್ತು. ನಿಂತ ಕಡೆ ಇದ್ದದ್ದನ್ನೆಲ್ಲ ಮಾರಿ, ಜಾರಿದ ಕಡೆ ಕೈ ಹಚ್ಚದೆ ಬಿಟ್ಟರು. ತೆರೆಯುವಾಗ ಒತ್ತಿದ್ದು ಇಪ್ಪತ್ತೆರಡು ಅಂಕಿಗಳ ಪಾಸ್‌ವರ್ಡುಗಳು. ಒಂದು ಚೀಟಿ ಇಲ್ಲ, ಒಂದು ತಡವರಿಕೆ ಇಲ್ಲ.

“ಎಲ್ಲಾ ಬಾಯಿಪಾಠಾನಾ?”

“ಹಳೇ ಫೋನ್ ನಂಬರುಗಳು, ಒಂದರ ಹಿಂದೆ ಒಂದು. ಕೆಲಸಕ್ಕೆ ಸೇರಿದ ಮೊದಲ ವಾರ ಲೈನು ಜೋಡಿಸಿಕೊಟ್ಟಿದ್ದು. ಫೈರ್ ಸ್ಟೇಷನ್ನು, ಹೆರಿಗೆ ಆಸ್ಪತ್ರೆ, ನಿಮ್ಮ ಮಾವ ಕೆಲಸ ಮಾಡ್ತಿದ್ದ ಪ್ರೆಸ್ಸು… ಪೂರ್ತಿ ಹೇಳಲ್ಲ, ಬಿಡಿ.”

ಅವನು ಮೂಗಿನ ಮೇಲೆ ಬೆರಳಿಟ್ಟ. ಒಂಬತ್ತು ವರ್ಷ ಎದುರು ಕೂತು ಉಂಡಿದ್ದ. ಆ ನರೆತ ತಲೆಯೊಳಗೆ ಒಂದಿಡೀ ಊರಿನ ತಂತಿಗಳು ಇನ್ನೂ ಜೀವಂತವಾಗಿವೆ ಎಂಬುದು ಗೊತ್ತೇ ಇರಲಿಲ್ಲ. ತನ್ನ ನಷ್ಟವನ್ನೇ ಮರೆತು ಆ ಬೆರಳುಗಳನ್ನು ನೋಡುತ್ತ ನಿಂತ.

ಏಳು ತಿಂಗಳ ಮೇಲೆ ಆ ಎಕ್ಸ್‌ಚೇಂಜು ನೂರಕ್ಕೆ ನಲವತ್ತರಂತೆ ಹಿಂತಿರುಗಿಸಿತು. ‘ನಾನು ಹೇಳಿರಲಿಲ್ವಾ’ ಎಂಬ ಮಾತು ಅತ್ತೆಯ ಬಾಯಿಂದ ಒಮ್ಮೆಯೂ ಬರಲಿಲ್ಲ. ಬಂದ ದುಡ್ಡನ್ನು ಹಂಚಿಡಲು ಅವನೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

“ಮೂರು ಸಾಕು. ಅದಕ್ಕಿಂತ ಜಾಸ್ತಿ ಆದ್ರೆ ನಿಭಾಯಿಸೋಕಾಗಲ್ಲ,” ಎಂದರು ಅತ್ತೆ. “ಮೊದಲು ಪಾಸ್‌ವರ್ಡು.”

“ಬರ್ಕೊಳ್ಳಲಾ?”

ಅತ್ತೆ ತಮ್ಮ ಹಣೆಗೆ ಬೆರಳು ತಟ್ಟಿ ತೋರಿಸಿದರು. ಅವನು ಪೆನ್ನು ಕೆಳಗಿಟ್ಟ.