ಮದುವೆಯಾದ ಮೇಲೆ ಅಚ್ಚಾದ ಲಗ್ನಪತ್ರಿಕೆ

1997ರಲ್ಲಿ ನಾನು ದಾವಣಗೆರೆಯಲ್ಲಿ ವಕೀಲನೂ ನೋಟರಿಯೂ ಆಗಿದ್ದೆ. ದಾಖಲೆ, ಹೇಳಿಕೆಗಳು ಅಸಲಿ ಎಂದು ಮೊಹರು ಹಾಕಿ ದೃಢೀಕರಿಸುವವನೇ ನೋಟರಿ. ನಿಟ್ಟುವಳ್ಳಿಯ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ನನ್ನ ಕೈಯಿಂದ ಹೋದ ಫೈಲು ಯಾವ ಕಚೇರಿಯಿಂದಲೂ ತಿರುಗಿ ಬರುವುದಿಲ್ಲ ಎಂಬ ಹೆಸರಿತ್ತು. ಆ ಹೆಸರನ್ನು ಹಬ್ಬಿಸಿದವನು ಬಹುಮಟ್ಟಿಗೆ ನಾನೇ.

ಆ ವರ್ಷದ ಜೂನ್‌ನಲ್ಲಿ ಗುತ್ತೂರಿನ ಹಾಲಮ್ಮ ಬಂದರು. ಮೊದಲ ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಣ್ಣನ ಮನೆಯಲ್ಲಿದ್ದುಕೊಂಡು ಬಟ್ಟೆ ಹೊಲಿಯುತ್ತಿದ್ದರು. ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡಿ, ಆಮೇಲೆ ಕೆನಡಾದಲ್ಲಿ ನೆಲೆ ನಿಂತಿದ್ದ ಕೊಟ್ರೇಶಪ್ಪ ಏಪ್ರಿಲ್‌ನಲ್ಲಿ ರಜೆಗೆ ಬಂದು, ಆಕೆಯನ್ನು ಮದುವೆಯಾಗಿ ವಾಪಸು ಹೋಗಿದ್ದರು.

ಹೆಂಡತಿಯನ್ನು ಕರೆಸಿಕೊಳ್ಳಲು ಅವರು ಅಲ್ಲಿಂದ ಸ್ಪಾನ್ಸರ್‌ಶಿಪ್ ಅರ್ಜಿ ಹಾಕಿದ್ದರು. ಇಲ್ಲಿಂದ ಆಕೆಯ ವೀಸಾ ಅರ್ಜಿ ಹೋಗಬೇಕಿತ್ತು. ದೆಹಲಿಯ ವೀಸಾ ಕಚೇರಿಯಲ್ಲಿ ಎರಡನ್ನೂ ಒಟ್ಟಿಗಿಟ್ಟು ನೋಡುತ್ತಾರೆ. ಇದು ನಿಜವಾದ ಮದುವೆಯೋ, ವೀಸಾಕ್ಕಾಗಿ ಹೂಡಿದ ನಾಟಕವೋ ಎಂಬುದೇ ಅವರ ಮುಖ್ಯ ಪ್ರಶ್ನೆ.

“ನಂಗೀಗ ಮೂವತ್ತೇಳು ವಕೀಲ್ರೆ. ಒಂದು ಮಗು ಆಗ್ಬೇಕು ಅಂತ ಆಸೆ ಐತ್ರಿ. ಜಲ್ದಿ ಮಾಡಿಕೊಡ್ರಿ,” ಎಂದರು ಹಾಲಮ್ಮ.

ಮದುವೆಯ ನೋಂದಣಿ ಪತ್ರ ತಂದಿದ್ದರು. ಫೋಟೊ, ಲಗ್ನಪತ್ರಿಕೆ ಕೇಳಿದೆ. ಎರಡೂ ಇರಲಿಲ್ಲ. ನಮ್ಮ ಕಡೆ ಗಂಡ ಸತ್ತ ಹೆಣ್ಣಿನ ಮರುಮದುವೆಗೆ ಉಡಿಕೆ ಎನ್ನುತ್ತಾರೆ. ಹಂದರ, ಓಲಗ ಯಾವುದೂ ಇರುವುದಿಲ್ಲ. ಕೆಲವೇ ಹಿರಿಯರ ಮುಂದೆ ಹೊಸ ಸೀರೆ ಉಡಿಸಿ, ತಾಳಿ ಕಟ್ಟಿಸಿ ಮುಗಿಸುತ್ತಾರೆ. ಊರಿಗೆ ಕಾರ್ಡು ಹಂಚುವ ಮಾತೇ ಇಲ್ಲ.

ಇದನ್ನೆಲ್ಲ ಪರದೇಶದ ಅಧಿಕಾರಿಗೆ ತಿಳಿಸಿ ಹೇಳುವುದು ಆಗದ ಕೆಲಸ ಎಂದು ನಾನು ತೀರ್ಮಾನಿಸಿಬಿಟ್ಟೆ. ಹೇಳಿ ನೋಡುವ ಗೋಜಿಗೂ ಹೋಗಲಿಲ್ಲ. “ಒಂದು ಕಾರ್ಡು ಮಾಡಿಸಿಬಿಡೋಣಮ್ಮ,” ಎಂದೆ.

“ಇಲ್ಲದ್ದು ಯಾಕ ತೋರಿಸ್ಬೇಕ್ರಿ? ಆದದ್ದು ಆದಂಗೆ ಬರದ್ರೆ ಆಗಲ್ಲೇನ್ರಿ?”

“ಅವ್ರಿಗೆ ನಮ್ಮ ಉಡಿಕೆ ಹೆಂಗೆ ಗೊತ್ತಾಗ್ಬೇಕು? ಮದುವೆ ಏನು ಸುಳ್ಳಲ್ವಲ್ಲ. ಕಾಗದ ಗಟ್ಟಿ ಇರ್ಬೇಕು, ಅಷ್ಟೆ.”

ಪರಿಚಯದ ಪ್ರೆಸ್ಸಿನಲ್ಲಿ ಇಪ್ಪತ್ತೈದು ಕಾರ್ಡು ಅಚ್ಚಾದವು. ತಾರೀಖು ನಿಜದ್ದೇ. ಸ್ಥಳ ಮಾತ್ರ ಅಣ್ಣನ ಮನೆಯ ಬದಲು ಗುತ್ತೂರಿನ ಸಮುದಾಯ ಭವನ. ಹಾಲಮ್ಮ ಒಂದು ಕಾರ್ಡನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. “ನನ್ ಹೆಸರು ಚೆಂದ ಹಾಕ್ಯಾರ್ರಿ,” ಎಂದು ನಕ್ಕರು. ನಾನು ಇಂಗ್ಲಿಷ್ ಅನುವಾದ ಲಗತ್ತಿಸಿ, ಮೊಹರು ಒತ್ತಿ ಕಳಿಸಿದೆ.

1998ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಸಂದರ್ಶನ. ಅಣ್ಣನ ಜೊತೆ ಹೋಗಿದ್ದ ಹಾಲಮ್ಮ ರೈಲಿಳಿದವರೇ ನನ್ನ ಆಫೀಸಿಗೆ ಬಂದರು.

“ಮದುವಿಗೆ ಎಷ್ಟು ಜನ ಬಂದಿದ್ರು ಅಂತ ಕೇಳಿದ್ರು. ಏಳು ಮಂದಿ ಅಂದೆ. ಎಲ್ಲಿ ಆತು ಅಂದ್ರು. ಅಣ್ಣನ ಮನ್ಯಾಗೆ ಅಂದೆ. ಆಗ ಆ ಕಾರ್ಡು ತಗದು ಮುಂದಿಟ್ರು. ಯಾರು ಮಾಡಿಸಿದ್ದು ಅಂದ್ರು.”

“ಏನು ಹೇಳಿದ್ರಮ್ಮ?”

“ನಿಮ್ಮ ಹೆಸರು ಹೇಳಾಕೆ ಬಾಯಿ ಬರ್ಲಿಲ್ರಿ.”

ಮುಂದಿನ ತಿಂಗಳು ವೀಸಾ ನಿರಾಕರಣೆಯ ಪತ್ರ ಬಂತು. ಮರುಮದುವೆಯ ಪದ್ಧತಿಯಂತೆ ಆಮಂತ್ರಣವಿಲ್ಲದೆ ಮನೆಯಲ್ಲೇ ಮದುವೆಯಾಯಿತೆಂದು ಗಂಡ ಬರೆದಿದ್ದಾನೆ. ಹೆಂಡತಿ ಅಚ್ಚಾದ ಆಮಂತ್ರಣ ಕೊಟ್ಟಿದ್ದಾಳೆ. ಆದ್ದರಿಂದ ಈ ಮದುವೆಯನ್ನು ನಂಬಲಾಗದು ಎಂದಿತ್ತು.

ಕೊಟ್ರೇಶಪ್ಪನವರ ಅರ್ಜಿಯ ಪ್ರತಿ ತರಿಸಿ ಓದಿದ್ದು ಆಮೇಲೆ. ಮೊದಲೇ ಕೇಳಬಹುದಿತ್ತು, ಕೇಳಿರಲಿಲ್ಲ. ಉಡಿಕೆ ಎಂದರೇನು ಎಂಬುದನ್ನು ಆ ಮನುಷ್ಯ ಸರಳ ಇಂಗ್ಲಿಷಿನ ಎಂಟು ಸಾಲಿನಲ್ಲಿ ಹೇಳಿ ಮುಗಿಸಿದ್ದರು. ಅಧಿಕಾರಿಗೆ ಅದು ಅರ್ಥವೂ ಆಗಿತ್ತು. ವೀಸಾ ಕಚೇರಿ ಕೊಟ್ಟಿದ್ದ ದಾಖಲೆಗಳ ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ. ಲಗ್ನಪತ್ರಿಕೆಯ ಮುಂದೆ ‘ಇದ್ದರೆ’ ಎಂದಿತ್ತು. ಅಷ್ಟು ವರ್ಷ ಕಾಗದ ಓದಿ ಅನ್ನ ಉಂಡವನ ಕಣ್ಣಿಗೆ ಅದು ಬಿದ್ದಿರಲಿಲ್ಲ. ನನಗೆ ನಾಚಿಕೆಯಾಯಿತು.

ಕೊಟ್ರೇಶಪ್ಪ ಅಲ್ಲಿ ಮೇಲ್ಮನವಿ ಹಾಕಿದರು. ಕಾರ್ಡು ಮಾಡಿಸಿದ್ದು ನನ್ನ ಸಲಹೆಯಂತೆ ಎಂದು ನಾನು ಪ್ರಮಾಣಪತ್ರ ಬರೆದುಕೊಟ್ಟೆ. ಉಳಿದ ಕಾರ್ಡುಗಳನ್ನು ಹಾಲಮ್ಮ ತಂದು ಮೇಜಿನ ಮೇಲಿಟ್ಟು, “ಇವು ನಿಮ್ಮವ್ರಿ, ಇಟ್ಕಳ್ರಿ,” ಎಂದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮೇಲ್ಮನವಿ ಗೆದ್ದು, ವೀಸಾ ಕೈಗೆ ಬರುವಷ್ಟರಲ್ಲಿ 2000ದ ಸೆಪ್ಟೆಂಬರ್. ಹಾಲಮ್ಮನವರಿಗೆ ಆಗ ನಲವತ್ತು ತುಂಬಿತ್ತು.

ಅಲ್ಲಿಂದಾಚೆಗೆ ನಿವೃತ್ತನಾಗುವವರೆಗೂ, ಬಂದವರನ್ನು ಮೊದಲು ಕೂರಿಸಿ, ಏನಾಯಿತೆಂದು ಕೇಳಿ, ಅದನ್ನೇ ಬರೆದುಕೊಂಡೆ; ಕಾಗದಗಳ ಮಾತು ಆಮೇಲೆ. ಇಲ್ಲದ ದಾಖಲೆಯ ಮುಂದೆ ‘ಇಲ್ಲ’ ಎಂದೇ ಬರೆದೆ. ಅದರಿಂದ ಯಾರ ಕೆಲಸವೂ ಕೆಡಲಿಲ್ಲ.

ಪ್ರತಿ ಯುಗಾದಿಗೆ ಕೆನಡಾದಿಂದ ನನಗೊಂದು ಶುಭಾಶಯದ ಕಾರ್ಡು ಬರುತ್ತದೆ. ಲಕೋಟೆ ಒಡೆದ ಕೂಡಲೇ ನನ್ನ ಕಣ್ಣು ಕೆಳಗಿನ ಸಹಿಗಳತ್ತ ಹೋಗುತ್ತದೆ. ಅಲ್ಲಿ ಈಗಲೂ ಎರಡೇ ಹೆಸರು.