ಸರಾಯೆವೊದಲ್ಲಿ ನೇಮ

ಅಬುಧಾಬಿಯಿಂದ ರಜೆಗೆಂದು ಅತ್ತೆಯೊಂದಿಗೆ ಬೋಸ್ನಿಯಾಕ್ಕೆ ಬಂದಿದ್ದೇವೆ. ಸರಾಯೆವೊದ ಓಣಿಯೊಂದರಲ್ಲಿ ಕಾಫಿಗೆ ಹಾಲು ಕೇಳಿದೆ. ಅಂಗಡಿಯ ಅಜ್ಜಿ, "ನೇಮ" ಎಂದಳು.

ನಮ್ಮ ಉಡುಪಿ ಕಡೆ ನೇಮವೆಂದರೆ ಭೂತಕೋಲ. ಅತ್ತೆ ಚಪ್ಪಲಿ ಕಳಚಿಯೇಬಿಟ್ಟರು. "ಇಲ್ಲಿಯೂ ನೇಮ ಉಂಟಾ? ಯಾವ ದೈವದ್ದು ಮಾರಾಯ್ತಿ?"

"ಇವರ ಭಾಷೆಯಲ್ಲಿ ನೇಮ ಅಂದ್ರೆ ಮಾಫಿ, ಅತ್ತೆ. ಹಾಲು ಇಲ್ಲ."

ಗಲ್ಫಿಗೆ ಬಂದು ಅತ್ತೆ ಕಲಿತ ಒಂದೇ ಅರಬ್ಬಿ ಮಾತು ಅದು, 'ಇಲ್ಲ' ಎನ್ನಲು. ಚಪ್ಪಲಿ ಮೆಟ್ಟಿ, ಮುಖ ಸಿಂಡರಿಸಿಕೊಂಡು ಕರಿಕಾಫಿ ಕುಡಿದರು.

ಹೊರಡುವಾಗ ನೋಡಿದರೆ ಗೋಡೆ ತುಂಬ ಗುಂಡಿನ ತೂತುಗಳು. ಒಂದಕ್ಕೆ ಗೂಟ ಬಡಿದು ಅಜ್ಜಿ ಛತ್ರಿ ತೂಗುಹಾಕಿದ್ದಳು. ಅತ್ತೆ ಬೆರಳು ತೋರಿಸಿ, "ವಾರ್? ಈಗಲೂ?" ಎಂದರು.

ಅಜ್ಜಿ ಕೈಯಾಡಿಸಿ ನಕ್ಕಳು. "ನೇಮ, ನೇಮ."

"ಮಾಫಿಯಂತೆ" ಎಂದು ನನಗೇ ಅರ್ಥ ಹೇಳಿ, ಅತ್ತೆ ಮತ್ತೆ ಚಪ್ಪಲಿ ಕಳಚಿ ಗೋಡೆಗೆ ಕೈಮುಗಿದರು.