ಕೊಂಡಿಯೊಳಗಿನ ಕೆಂಪು

ಹಾಲಪ್ಪಣ್ಣನ ನೆರೆಯಲ್ಲಿ ಬಾಳಿದವನಿಗೆ ಚೈನಿನ ಬಗ್ಗೆ ಗೊತ್ತಿಲ್ಲದ್ದು ಏನೂ ಉಳಿಯುವುದಿಲ್ಲ. ನಾನು ಬಾಳಿದ್ದೇನೆ. ನಾನು ಇಸ್ಮಾಯಿಲ್, ಮಂಜೇಶ್ವರದ ಕಡೆಯವನು. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕಸ್ಟಮ್ಸ್ ಕಾಗದಗಳ ಹಿಂದೆ ಓಡಾಡುವ ಗುಮಾಸ್ತ. ಹಾಲಪ್ಪಣ್ಣ ರಾಣೆಬೆನ್ನೂರಿನವರು, ನಮ್ಮ ಆಫೀಸಿನ ಪಕ್ಕದ ಗೊಬ್ಬರದ ಗೋದಾಮಿನಲ್ಲಿ ಫಿಟ್ಟರ್. ವೈಟ್ಟಿಲದಲ್ಲಿ ಮನೆಯೊಡತಿ ಗ್ರೇಸಿ ಚೇಚಿಯ ಮಹಡಿಯಲ್ಲಿ ನಮ್ಮಿಬ್ಬರದು ಎದುರುಬದುರು ಕೋಣೆ. ಅವರ ಕನ್ನಡ ಕೇಳಿದರೆ ನನಗೆ ನಗು, ನನ್ನದು ಕೇಳಿದರೆ ಅವರಿಗೆ. ಆದರೂ ಆ ಬೀದಿಯಲ್ಲಿ ಕನ್ನಡ ಆಡಬೇಕೆಂದರೆ ನನಗೆ ಅವರು, ಅವರಿಗೆ ನಾನು, ಅಷ್ಟೇ.

ಹಡಗಿನಿಂದ ಇಳಿದ ಗೊಬ್ಬರವನ್ನು ಮೇಲಕ್ಕೆತ್ತಿ, ಚೀಲ ತುಂಬುವ ಕಡೆ ಸುರಿಯಲು ಆ ಗೋದಾಮಿನಲ್ಲಿ ಒಂದು ಎಲಿವೇಟರ್ ಇತ್ತು. ಬಕೆಟ್ಟುಗಳ ಸಾಲು ತುಂಬಿ ಮೇಲೇರುವುದು, ಖಾಲಿಯಾಗಿ ಇಳಿಯುವುದು. ಅದನ್ನೆಲ್ಲ ತಿರುಗಿಸುತ್ತಿದ್ದದ್ದು ಮೋಟಾರಿನ ಮಗ್ಗುಲಿನ ಒಂದು ದಪ್ಪ ಚೈನು. ಅದರ ಆರೈಕೆ ಹಾಲಪ್ಪಣ್ಣನದು. ಚೈನು ಸಡಿಲವಾದರೆ ಜನ "ಹಿಗ್ಗಿದೆ" ಅನ್ನುತ್ತಾರಲ್ಲ, ಆ ಮಾತು ಕಿವಿಗೆ ಬಿದ್ದರೆ ಅವರಿಗೆ ಮೈಯೆಲ್ಲ ಉರಿ.

"ಕಬ್ಬಿಣ ಏನ್ ರಬ್ಬರ್ ಏನ್ರೀ ಸಾಹೇಬ್ರ, ಹಿಗ್ಗಾಕ? ಒಳಗ ಪಿನ್ನು ಸವೀತೈತಿ. ಒಂದೊಂದು ಕೊಂಡಿ ಕೂದಲೆಳಿಯಷ್ಟು ಸವದ್ರೂ ಎಲ್ಲಾ ಕೂಡಿ ಚೈನ್ ಉದ್ದ ಆಗತೈತಿ. ಜನ ಮ್ಯಾಲೆ ಗ್ರೀಸ್ ಮೆತ್ತಿ ಪಳಪಳ ಅನಿಸ್ತಾರ. ದಪ್ಪ ಗ್ರೀಸ್ ಮೆತ್ತೂದು ಅಂದ್ರ ಬಾಗಲಾ ಹಾಕಿದಂಗ, ಒಳಗ ಎಣ್ಣಿ ಇಳಿಯಂಗಿಲ್ಲ. ಒಳಗ ಒಣಗಿತು ಅಂದ್ರ ಸಂದಿಯೊಳಗಿಂದ ಕೆಂಪು ಪುಡಿ ಬರ್ತೈತಿ. ಅದನ್ನ ಕಂಡ ಕೂಡಲೇ ಮಿಷನ್ ನಿಲ್ಲಿಸಿಬಿಡಬೇಕು."

"ಎಂತ ಮಾರಾಯ್ರೆ, ಊಟಕ್ಕೆ ಕೂತಾಗಲೂ ಚೈನಾ?" ಎಂದರೆ ನಗುತ್ತಿದ್ದರು. ಬೇರೆ ಮಾತು ಅವರಲ್ಲಿ ಇರಲಿಲ್ಲವೆಂದಲ್ಲ. ಇದ್ದ ಮಾತೆಲ್ಲ ನೋಯುವಂಥದ್ದು.

ಅವರ ಹೆಂಡತಿ ಸುಮಿತ್ರಕ್ಕನಿಗೆ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಕೆಲಸ, ಗೆಡ್ಡೆಗೆಣಸಿನ ಸಂಶೋಧನಾ ಸಂಸ್ಥೆಯ ಲ್ಯಾಬಿನಲ್ಲಿ. ಕೇಂದ್ರ ಸರಕಾರದ ನೌಕರಿ ಬಿಡುವುದುಂಟೇ? ಹಾಗಾಗಿ ಹಾಲಪ್ಪಣ್ಣನೇ ಹರಿಹರದ ಕಾರ್ಖಾನೆ ಬಿಟ್ಟು ಬಂದರು. ಬಂದರೆ ಕೆಲಸ ಸಿಕ್ಕಿದ್ದು ಕೊಚ್ಚಿಯಲ್ಲಿ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಯಿತು. ಶನಿವಾರ ಸಂಜೆ ರೈಲು ಹತ್ತುವುದು, ಭಾನುವಾರ ಸಂಜೆ ಮತ್ತೆ ರೈಲು. ಮಗಳು ಜೀವಿತಾಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. "ನೆಂಟರ ಜೊತಿ ಮಾತಾಡಿದಂಗ ಮಾತಾಡ್ತೈತ್ರಿ ಕೂಸು" ಎಂದು ಒಮ್ಮೆ ಹೇಳಿದವರೇ ತಟ್ಟನೆ ಚೈನಿನ ಮಾತಿಗೆ ಹೊರಳಿದರು. ಸೋಮವಾರ ಸಂಜೆ ಅವರ ಬಾಗಿಲು ಮುಚ್ಚಿರುತ್ತಿತ್ತು. ನಾನು ತಟ್ಟಲು ಹೋಗುತ್ತಿರಲಿಲ್ಲ.

೨೦೦೬ರಲ್ಲಿ ಅವರ ಅದೃಷ್ಟದ ಬಾಗಿಲು ಅರ್ಧ ತೆರೆಯಿತು. ತಿರುವನಂತಪುರದ ಕೊಚ್ಚುವೇಳಿಯಲ್ಲಿ ಅದೇ ಕಂಪನಿಯ ಗೋದಾಮು. ಅಲ್ಲಿ ಫೋರ್‌ಮನ್ ಜಾಗ ಖಾಲಿಯಾಯಿತು. ಮ್ಯಾನೇಜರ್ ಕುರಿಯನ್ ಸಾರ್ ಇವರನ್ನು ಕರೆದು, ನವರಾತ್ರಿ ಕಳೆದು ಬರುವ ಹಡಗಿನ ಸರಕು ಎಲಿವೇಟರ್ ಊಟ-ಚಹಾದ ಹೊತ್ತು ಬಿಟ್ಟು ಒಮ್ಮೆಯೂ ನಿಲ್ಲದೆ ಇಳಿದರೆ ಆ ಜಾಗ ನಿಮಗೆ, ನಿಂತರೆ ಇನ್ನೊಬ್ಬನಿಗೆ ಎಂದರು. ಶ್ರೀಕಾರ್ಯಂನಿಂದ ಕೊಚ್ಚುವೇಳಿಗೆ ದಿನಾ ಹೋಗಿಬರಬಹುದು. ಅಂದರೆ ದಿನಾ ಮನೆಯೂಟ. ಜೀವಿತಾ ಇಡೀ ಕ್ಲಾಸಿಗೆ ಹೇಳಿಬಿಟ್ಟಳಂತೆ, ನನ್ನ ಅಪ್ಪ ಇನ್ನು ಮನೆಯಲ್ಲೇ ಇರುತ್ತಾರೆ ಎಂದು.

ಆ ಸಂತೋಷಕ್ಕೆ ರಜೆ ಹಾಕಿ ಹೆಂಡತಿ ಮಗಳ ಜೊತೆ ಊರಿಗೆ ಹೋಗಿಬಂದರು. ಬರುವಷ್ಟರಲ್ಲಿ ಆಯುಧಪೂಜೆಗೆಂದು ಗೋದಾಮಿನವರು ಚೈನಿಗೆ ಗ್ರೀಸ್ ಮೆತ್ತಿ ಮಿಂಚಿಸಿದ್ದರು. ಬೇರೆ ವರ್ಷವಾಗಿದ್ದರೆ ಹಾಲಪ್ಪಣ್ಣ ಎಲ್ಲರ ಜನ್ಮ ಜಾಲಾಡುತ್ತಿದ್ದರು. ಅವತ್ತು ಆ ಖುಷಿಯಲ್ಲಿ ಬೈಯಲೂ ಇಲ್ಲ, ಗ್ರೀಸ್ ಒರೆಸಲೂ ಇಲ್ಲ. ಇಲ್ಲಿಯವರು ಗಂಧವಿಟ್ಟು ದೀಪ ತೋರಿಸಿದರೆ ಪೂಜೆ ಮುಗಿಯಿತು. ಇವರು ರಾಣೆಬೆನ್ನೂರಿನವರಲ್ಲವೇ, ಪ್ರತಿ ವರ್ಷ ಮೋಟಾರಿಗೆ ವಿಭೂತಿ ಬಳಿದು ಒಂದು ಕುಂಕುಮದ ಬೊಟ್ಟು ಇಡುತ್ತಿದ್ದರು. ಈ ಸಲ ಸುಮಿತ್ರಕ್ಕ ಕಟ್ಟಿಕೊಟ್ಟ ಕುಂಕುಮದ ಪೊಟ್ಟಣ ಬಿಚ್ಚಿ, ಚೈನಿನ ಒಂದೊಂದು ಕೊಂಡಿಗೂ ಬೊಟ್ಟಿಟ್ಟರು. ಹರಕೆ ಹೊತ್ತವರ ಹಾಗೆ.

ಹಡಗು ಬಂತು. ಎಲಿವೇಟರ್ ಓಡಿತು. ಆಗ ರಂಜಾನ್ ತಿಂಗಳು. ಉಪವಾಸ ಬಿಡಲು ಕೋಣೆ ಸೇರುವ ಆತುರದಲ್ಲಿ ಒಂದು ಸಂಜೆ ನಾನು ಬಸ್ಸು ಹತ್ತಿದೆ. ಹಾಲಪ್ಪಣ್ಣನೂ ಜೊತೆಗಿದ್ದರು. ಯಾಕೋ ಬಲಗೈಯ ಬೆರಳುಗಳನ್ನು ತಿಕ್ಕುತ್ತಲೇ ಇದ್ದರು.

"ಕೈಗೆ ಎಂತ ಆಯ್ತು?"

"ಏನಿಲ್ರಿ. ಸಂಜಿ ಚಾಕ್ಕಂತ ಮಿಷನ್ ನಿಲ್ಲಿಸಿದ್ರಲ್ಲ, ಆಗ ಚೈನ್ ಮುಟ್ಟಿ ನೋಡಿದೆ. ಸಂದಿಯೊಳಗ ಒಂದೀಟು ಕೆಂಪ ಐತಿ. ನಾನ ಇಟ್ಟ ಕುಂಕುಮರಿ."

"ಕುಂಕುಮವೇ ಆದ್ರೆ ಇಷ್ಟು ಹೊತ್ತು ತಿಕ್ಕುವುದು ಯಾಕೆ?"

ಅವರು ಕೈಯನ್ನು ಚೀಲದ ಕೆಳಗೆ ಸರಿಸಿದರು. ಹಸಿದ ಹೊಟ್ಟೆಗೆ ಸಿಟ್ಟು ಬೇಗ. "ನಿಮ್ಮ ಚೀಲದಲ್ಲಿ ಆ ಪೊಟ್ಟಣ ಉಂಟಲ್ಲ, ತೆಗೆದು ಹೋಲಿಸಿ ನೋಡಿ. ಸುಮ್ಮನೆ ಮನಸ್ಸಿಗೆ ಹಿಂಸೆ ಎಂತಕ್ಕೆ?" ಎಂದುಬಿಟ್ಟೆ.

ಅವರು ಚೀಲ ಬಿಚ್ಚಿದರು. ಆಮೇಲೆ ಪೊಟ್ಟಣ ತೆಗೆದು ಎಡಗೈಯ ಬೆರಳಿಗೆ ಒಂದು ಚಿಟಿಕೆ ಹಚ್ಚಿಕೊಂಡರು. ಅದು ನುಣ್ಣಗೆ, ದಾಸವಾಳದ ಕೆಂಪು. ಬಲಗೈಯ ಬೆರಳಿನದು ಕಂದುಗೆಂಪು, ಉಜ್ಜಿದರೆ ಮರಳಿನ ಹಾಗೆ ಗರಗರ. ಎರಡೂ ಬೆರಳನ್ನು ಮುಂದೆ ಹಿಡಿದು ಕೂತ ಆ ಮನುಷ್ಯನ ಮುಖ ನೋಡಲಾರದೆ ನಾನು ತಲೆ ತಗ್ಗಿಸಿದೆ. ಅದು ಕುಂಕುಮವಲ್ಲ, ಸವೆದ ಪಿನ್ನಿನ ಪುಡಿ ಎಂದು ನನಗೇ ಗೊತ್ತಾಗಿತ್ತು.

"ಕೆಳಗ ಚೀಲ ಹೊಲಿಯಾವ್ರು ನಿಂತಿರ್ತಾರ್ರಿ" ಎಂದರು. "ಚೈನ್ ಹರಿದ್ರ ತುಂಬಿದ ಬಕೆಟ್ಟೆಲ್ಲಾ ಹಿಂದಕ್ಕ ಜಾರತಾವು." ಬಸ್ಸು ತೇವರದಲ್ಲಿ ನಿಂತಾಗ ಗೋದಾಮಿಗೆ ವಾಪಸ್ಸೆಂದು ಇಳಿದೇಬಿಟ್ಟರು, ಚೀಲವನ್ನು ಸೀಟಿನಲ್ಲೇ ಮರೆತು. ಬೈದುಕೊಳ್ಳುತ್ತ ಚೀಲ ಎತ್ತಿಕೊಂಡು ನಾನೂ ಇಳಿದೆ.

ಗೋದಾಮಿನ ಗೇಟಿನ ನಲ್ಲಿಯ ಹತ್ತಿರ, ಜೇಬಿನಲ್ಲಿದ್ದ ಖರ್ಜೂರದಿಂದ ಉಪವಾಸ ಬಿಟ್ಟೆ. ಒಳಗೆ ಎಲಿವೇಟರಿನ ಸದ್ದು ನಿಂತಿತು. ಅದರ ಹಿಂದೆಯೇ ಕುರಿಯನ್ ಸಾರ್ ಕೂಗು ಕೇಳಿತು. ಹಡಗು ಕಾಯುತ್ತಿದೆ, ನಿನ್ನ ಅನುಮಾನಕ್ಕೆ ಬಾಡಿಗೆ ಕಟ್ಟುವವರು ಯಾರು ಎಂದು. ನಾನು ಹೋಗಿ ನೋಡುವಾಗ ಹಾಲಪ್ಪಣ್ಣ ಹಲ್ಲಿನ ಚಕ್ರದ ನಡುವಿನಿಂದ ಚೈನನ್ನು ಎರಡು ಬೆರಳಲ್ಲಿ ಹಿಡಿದೆಳೆದರು. ಚೆನ್ನಾಗಿರುವ ಚೈನು ಹಲ್ಲು ಬಿಟ್ಟು ಮೇಲೇಳುವುದಿಲ್ಲ. ಇದು ಅರ್ಧ ಹಲ್ಲು ಕಾಣುವಷ್ಟು ಎದ್ದಿತು. ಒಂದು ಕೊಂಡಿ ಬಿಚ್ಚಿ ಪಿನ್ನು ಹೊರತೆಗೆದರು. ನಡುವೆ ಸವೆದು ಸೊಂಟ ಸಣ್ಣಗಾಗಿತ್ತು, ಮೈಮೇಲೆ ಒಂದು ತೊಟ್ಟು ಎಣ್ಣೆಯಿಲ್ಲ. ಕುರಿಯನ್ ಸಾರ್ ಅದನ್ನು ನೋಡಿ, ಬದಲಿಸಿ ಎಂದರು. ಆದರೆ ಹೊಸ ಚೈನು ತರಿಸಿ, ಸವೆದ ಚಕ್ರವನ್ನೂ ಬದಲಿಸಿ ಮತ್ತೆ ಓಡಿಸುವಷ್ಟರಲ್ಲಿ ಮರುದಿನ ಮಧ್ಯಾಹ್ನ. ಎಲಿವೇಟರ್ ನಿಂತದ್ದು ನಿಂತದ್ದೇ.

ಆಗದೆ ಹೋದ ಅನಾಹುತಕ್ಕೆ ಯಾರು ಹಾರ ಹಾಕುತ್ತಾರೆ? ಚೀಲ ಹೊಲಿಯುವವರಿಗೆ ವಿಷಯವೇ ಗೊತ್ತಾಗಲಿಲ್ಲ; ಕೆಲಸ ನಿಂತಿತೆಂದು ಅವರೂ ಗೊಣಗಿದರು. ಕೊಚ್ಚುವೇಳಿಯ ಜಾಗಕ್ಕೆ ಇನ್ನೊಬ್ಬ ಹೋದ. ಆ ಕಂಪನಿಯ ಮೇಲೆ ನನಗೆ ಈಗಲೂ ಕೋಪವಿದೆ.

ಮನೆಗೆ ತಿಳಿಸುವುದನ್ನು ಹಾಲಪ್ಪಣ್ಣ ಎರಡು ದಿನ ಮುಂದೂಡಿದರು. ಕೊನೆಗೆ ನನ್ನ ಕೋಣೆಗೆ ಬಂದು, ನನ್ನ ಮಂಚದ ಮೇಲೆ ಕೂತು ಫೋನ್ ಮಾಡಿದರು. ಒಬ್ಬರೇ ಕೂತು ಮಾಡಲು ಧೈರ್ಯ ಸಾಲಲಿಲ್ಲವೇನೋ. ಅವರ ಫೋನಿನಲ್ಲಿ ಆಚೆಯವರ ಮಾತು ಕೋಣೆಗೆಲ್ಲ ಕೇಳುತ್ತಿತ್ತು. ನಡೆದದ್ದೆಲ್ಲ ಸುಮಿತ್ರಕ್ಕನಿಗೆ ಹೇಳಿದರು.

"ನಿಲ್ಲಿಸಿದ್ದು ಚಲೋ ಆತು ಬಿಡ್ರಿ" ಎಂದರು ಆಕೆ. "ಬರೂ ವರ್ಷ ಚೈನಿಗೆ ಗಂಧ ಹಚ್ಚ್ರಿ, ಕುಂಕುಮ ಬ್ಯಾಡ." ಹಾಲಪ್ಪಣ್ಣ ನಕ್ಕರು. ಆಕೆಯೂ ನಕ್ಕರು, ಆದರೆ ಮೂಗು ಒರೆಸಿಕೊಂಡ ಸದ್ದೂ ಕೇಳಿತು. "ಕೂಸು ಕೇಳಾಕತ್ತೈತಿ, ಕೊಡ್ತೀನಿ ತಡೀರಿ."

"ಅಚ್ಛಾ, ಎಪ್ಪೋಳಾ ವರುನ್ನೇ?" ಅಪ್ಪಾ, ಯಾವಾಗ ಬರುತ್ತೀ ಎಂದಳು ಜೀವಿತಾ.

"ಶನಿವಾರ ಬರ್ತೀನವ್ವಾ."

ಅವಳು ಬಿಡಲಿಲ್ಲ. ಶನಿವಾರದ ಮಾತಲ್ಲ ಅಚ್ಛಾ, ಮತ್ತೆ ಹೋಗದ ಹಾಗೆ ಬರುವುದು ಯಾವಾಗ ಎಂದು ಮಲಯಾಳದಲ್ಲೇ ಕೇಳಿದಳು. ಬಿಡಿಸಿ ಬಿಡಿಸಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ.

ಹಾಲಪ್ಪಣ್ಣನಿಗೆ ಮಲಯಾಳ ಚೆನ್ನಾಗಿ ಬರುತ್ತಿತ್ತು. ಗೋದಾಮಿನಲ್ಲಿ ಜಗಳವನ್ನೂ ಅದರಲ್ಲೇ ಆಡುತ್ತಿದ್ದರು. ಅವರು ನನ್ನ ಮುಖ ನೋಡಿದರು. ಆಮೇಲೆ, ಅರ್ಥವಾಗದವರ ಹಾಗೆ, "ಹೂಂ ಅವ್ವಾ, ಶನಿವಾರ ಬರ್ತೀನಿ" ಎಂದರು.